ವಾಸನೆ ಹಿಡಿದ ಚಹಾಸೊಪ್ಪು

ಬಹಳ ಹಿಂದೆ, ಮೋಡಗಳಿಗೆ ಆಕಾಶದಲ್ಲಿ ನಿಲ್ಲುವುದು ಇನ್ನೂ ಸರಿಯಾಗಿ ರೂಢಿಯಾಗದಿದ್ದ ಕಾಲದಲ್ಲಿ, ಕಾವಳಗಿರಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಮೋಡ ಮಲಗಿರುತ್ತಿತ್ತು. ಹೆಂಗಸರು ಅದನ್ನು ಪೊರಕೆಯಿಂದ ಆಚೆ ತಳ್ಳಿ ಆಮೇಲೆ ರಂಗೋಲಿ ಹಾಕುತ್ತಿದ್ದರು. ಬಿಸಿಲು ಏರಿದರೆ ಊರ ಮುಂದಿನ ಮರಗಳು ಒಂದೆರಡು ಹೆಜ್ಜೆ ಸರಿದು, ಮಲಗಿದ ದನಗಳಿಗೆ ನೆರಳು ಮಾಡುತ್ತಿದ್ದವು. ಇದನ್ನೆಲ್ಲ ಅಲ್ಲಿ ಯಾರೂ ಅಚ್ಚರಿ ಅಂದುಕೊಳ್ಳುತ್ತಿರಲಿಲ್ಲ. ಕಸ ಜಾಸ್ತಿ ಅಂತ ಗೊಣಗುತ್ತಿದ್ದರು, ಅಷ್ಟೇ.

ಆ ರಾಜ್ಯದವರಿಗೆ ಚಹಾ ಅಂದರೆ ಪ್ರಾಣ. ಮನೆಗೆ ಬಂದವರಿಗೆ ಚಹಾ, ಮನೆಯಿಂದ ಹೊರಟವರಿಗೆ ಚಹಾ, ಜಗಳವಾಡಿದವರಿಗೆ ಎರಡೆರಡು ಲೋಟ. ಕೊಡುವ ಕೊಳ್ಳುವ ಮಾತು ಮುಗಿದ ಮೇಲೆ ಇಬ್ಬರೂ ಒಂದೇ ಪಾತ್ರೆಯ ಚಹಾ ಕುಡಿಯಬೇಕು. ಕುಡಿದರೆ ವ್ಯವಹಾರ ಗಟ್ಟಿ. ಆಮೇಲೆ ಸೂರ್ಯನೇ ಇಳಿದು ಬಂದು ಬೇಡ ಅಂದರೂ ಬದಲಾಯಿಸುವ ಹಾಗಿಲ್ಲ. ಅದು ಅಲ್ಲಿನ ಕಟ್ಟಳೆ.

ಅಲ್ಲಿನ ರಾಜ ಕೆಟ್ಟವನಲ್ಲ, ಆದರೆ ಅವನಿಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ಸಿಡಿದರೂ ಅರಮನೆಯಲ್ಲಿ ಅವನ ತಲೆ ಸಿಡಿಯುತ್ತಿತ್ತು. ಹೀಗಿರುವಾಗ ಒಂದು ದಿನ ಧೂಮಕೇಶ ಎಂಬ ಮಾಂತ್ರಿಕ ಬಂದ. ಅವನ ತಲೆಯಲ್ಲಿ ಕೂದಲಿರಲಿಲ್ಲ, ಹೊಗೆಯಿತ್ತು. ಬಾಚಿದಷ್ಟೂ ಮೇಲಕ್ಕೆ ಏಳುತ್ತಿತ್ತು. ಹೆಗಲ ಮೇಲೆ ಕಮ್ಮಾರರು ಬೆಂಕಿ ಊದುವಂಥ ದೊಡ್ಡ ಚರ್ಮದ ತಿದಿ.

"ಪ್ರಭು, ನಿಮ್ಮ ರಾಜ್ಯದ ವಾಸನೆ ನಾನು ತೆಗೆದುಕೊಂಡು ಹೋಗಲೇ?" ಎಂದ ಧೂಮಕೇಶ.

"ಇಷ್ಟು ದಿನ ಎಲ್ಲಿದ್ದೆಯಪ್ಪಾ?" ಎಂದ ರಾಜ.

ಯಾವ ವಾಸನೆ ಎಂದು ರಾಜ ಕೇಳಲಿಲ್ಲ. ದೊಡ್ಡವರ ಹಣೆಬರಹವೇ ಅಷ್ಟು, ಮನೆಗೆ ಉಪ್ಪು ತರುವವರು ಕೇಳುವಷ್ಟೂ ಅವರು ಕೇಳುವುದಿಲ್ಲ. ಇಬ್ಬರೂ ಒಂದೇ ಪಾತ್ರೆಯ ಚಹಾ ಕುಡಿದರು. ಧೂಮಕೇಶ ಬೆಟ್ಟದ ತುದಿಯಲ್ಲಿ ನಿಂತು ತಿದಿಯನ್ನು ಅಗಲಿಸಿದ. ಮೊದಲು ಬೆಳ್ಳುಳ್ಳಿ ಹೋಯಿತು. ಆಮೇಲೆ ಮಲ್ಲಿಗೆ ಹೋಯಿತು, ಮಣ್ಣು ಹೋಯಿತು, ತುಪ್ಪ ಹೋಯಿತು, ಸೀಗೆಪುಡಿ ಹೋಯಿತು. ಒಂದು ನಿಟ್ಟುಸಿರಿನ ಹಾಗೆ ಇಡೀ ರಾಜ್ಯದ ವಾಸನೆ ಆ ತಿದಿಯೊಳಗೆ ಸೇರಿಕೊಂಡಿತು. ಧೂಮಕೇಶ ತಿದಿಯ ಬಾಯಿ ಕಟ್ಟಿಕೊಂಡು ತನ್ನ ಗೋಪುರಕ್ಕೆ ಹೊರಟುಹೋದ.

ಹೂವು ಬರೀ ಬಣ್ಣವಾಯಿತು. ಸಾರು ಬಿಸಿನೀರಾಯಿತು. ಜನ ನಾಲ್ಕು ದಿನ ಗೋಳಾಡಿ, ಐದನೆಯ ದಿನ ರೂಢಿ ಮಾಡಿಕೊಂಡರು. ಚೆನ್ನಾಜಿ ಎಂಬ ಹೆಣ್ಣುಮಗಳಿಗೆ ಮಾತ್ರ ರೂಢಿಯಾಗಲಿಲ್ಲ.

ಚೆನ್ನಾಜಿಗೆ ಹಾಲು ಕುಡಿಯುವ ಒಂದು ಕೂಸಿತ್ತು, ಹೆಸರು ಚಿಗರಿ. ಗಂಡ ಉಪ್ಪಿನ ಬಂಡಿ ಹೊಡೆದುಕೊಂಡು ಕಡಲ ಕಡೆ ಹೋದವನು ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಅವಳು, ಕೂಸು, ಅತ್ತೆ. ವಾಸನೆ ಹೋದ ದಿನ ಚಿಗರಿ ತಾಯಿಯ ಎದೆಗೆ ಮೂಗು ಒತ್ತಿ, ಒಂದು ಗಳಿಗೆ ಹುಡುಕಿ, ತಲೆ ಎತ್ತಿ ನೋಡಿತು. ಯಾರೋ ಗುರುತಿಲ್ಲದವಳು ತನ್ನನ್ನು ಎತ್ತಿಕೊಂಡಿದ್ದಾಳೆ ಎಂಬಂತೆ ಕಿಟಾರನೆ ಕಿರುಚಿತು. ಊರಿನ ಬೇರೆ ಕೂಸುಗಳು ಅಷ್ಟಿಷ್ಟು ಅತ್ತು, ಮುಖ ನೋಡಿ ಸಮಾಧಾನ ಮಾಡಿಕೊಂಡವು. ಚಿಗರಿ ಮೊಂಡಿ. ತನಗೆ ಬೇಕಾದದ್ದೇ ಬೇಕು, ಅದರ ಬದಲಿಗೆ ಇನ್ನೊಂದು ಬೇಡ. ಒಳಲೆಯಲ್ಲಿ ಮೇಕೆಹಾಲು ಹಾಕಿದರೆ ಅರ್ಧ ಕುಡಿದು ಅರ್ಧ ಉಗುಳುತ್ತಿತ್ತು. ದಿನದಿಂದ ದಿನಕ್ಕೆ ಕೂಸಿನ ಕೆನ್ನೆ ಇಳಿಯಿತು, ಕೈಯ ಬಳೆ ಮೊಣಕೈತನಕ ಜಾರತೊಡಗಿತು.

"ನಿನ್ನ ಹಾಗೇ ಹಠ," ಎಂದರು ಅತ್ತೆ.

"ನಿಮ್ಮ ಮಗನ ಹಾಗೆ ಇದ್ದಿದ್ರೆ ಕಡಲಿಗೆ ಹೋಗ್ತಿತ್ತು," ಎಂದಳು ಚೆನ್ನಾಜಿ. ಆದರೆ ಒಳಗೆ ಹೋಗಿ ಅತ್ತಳು.

ಬೀದಿಯ ಕೊನೆಯಲ್ಲಿ ಮುದ್ದಯ್ಯಶೆಟ್ಟರ ಚಹಾಸೊಪ್ಪಿನ ಅಂಗಡಿ. ಮೇಲಿನ ಅಟ್ಟದಲ್ಲಿ ಮುಚ್ಚಳ ಬಿಗಿದ ಚಿನ್ನದ ಬಣ್ಣದ ಡಬ್ಬಿಗಳು, ಅದು ಅರಮನೆಯವರಿಗೆ. ನಡುವೆ ಜಾಡಿಗಳು, ಅದು ಗೌಡರು ಪಟೇಲರಿಗೆ. ನೆಲದ ಮೇಲೆ ಗೋಣಿಮೂಟೆಗಳು, ಅದು ಉಳಿದವರಿಗೆ. ಆ ಮೂಟೆಯದನ್ನೂ ಕೊಳ್ಳಲು ಕೈಲಾಗದೆ ಚೆನ್ನಾಜಿ ಒಂದು ದಿನ ತೂಕದ ಕಲ್ಲಿನ ಹಿಂದೆ ಕಣ್ಣಾಡಿಸಿದಳು. ಮೂಲೆಯಲ್ಲಿ ಒಂದು ಬಿದಿರುಬುಟ್ಟಿ, ಅದರಲ್ಲಿ ಮೂರು ಸಣ್ಣ ಗಂಟು.

"ಮಾವ, ಅದೇನದು ಮೂಲೇಲಿ?"

"ಅದು ಬೇಡ ಬಿಡಮ್ಮ. ಅಗ್ಗದ ಮಾಲು. ವಾಸನೆ ಹಿಡಿದಿದ್ದು," ಎಂದರು ಶೆಟ್ಟರು. "ಚಹಾಸೊಪ್ಪು ಅಂದ್ರೆ ಹೊಸದಾಗಿ ಬಂದ ಸೊಸೆ ಇದ್ದ ಹಾಗೆ. ಪಕ್ಕದಲ್ಲಿ ಏನಿದ್ರೂ ಹೀರ್ಕೊಂಡುಬಿಡುತ್ತೆ."

"ನಾನೇನೂ ಹೀರ್ಕೊಳ್ಳಲಿಲ್ಲವಲ್ಲ."

"ಅದಕ್ಕೇ ನಿಮ್ಮತ್ತೆ ದಿನಾ ಇಲ್ಲಿ ಬಂದು ಕೂತು ಅಳ್ತಾರೆ." ಶೆಟ್ಟರು ಒಂದೊಂದೇ ಗಂಟು ಎತ್ತಿ ತೋರಿಸಿದರು. "ಇದು ಕಿಟಕಿ ಕೆಳಗಿತ್ತು, ಮೊದಲ ಮಳೆಗೆ ಮಣ್ಣುಗೋಡೆ ನೆನೆದು ಅದರ ವಾಸನೆ ಹಿಡೀತು. ಇದು ಬೆಕ್ಕು ಮರಿ ಹಾಕಿದ ಮೂಟೇದು. ಇದು ಒಣಮೀನಿನ ಬುಟ್ಟಿ ಪಕ್ಕದ್ದು. ಈಗ ಯಾರ ಮೂಗಿಗೂ ಏನೂ ಬಡಿಯೋದಿಲ್ಲ, ಆದ್ರೂ ಜನ ಹೆಸರು ಕೇಳಿದ್ರೇ ಓಡ್ತಾರೆ."

"ಬೆಕ್ಕು ಹೆತ್ತ ಮೂಟೇದನ್ನ ಮಾರ್ತೀರಾ ಮಾವ? ಮರ್ಯಾದೆ ಬೇಡವಾ?"

"ಬಾಣಂತೀನ ಎಬ್ಬಿಸಿ ಓಡಿಸೋಕಾಗುತ್ತೇನಮ್ಮ?"

ಚೆನ್ನಾಜಿ ಚೌಕಾಸಿಗೆ ಕೂತಳು. ಬೆಕ್ಕಿನ ಗಂಟಿಗೆ ಮುಖ ಸಿಂಡರಿಸಿದಳು, ಮೀನಿನ ಗಂಟನ್ನು ದೂರ ತಳ್ಳಿದಳು, ಎರಡು ಸಲ ಎದ್ದು ಬಾಗಿಲತನಕ ಹೋಗಿ ಬಂದಳು. ಕೊನೆಗೆ ಒಂದು ಗಂಟಿನ ಬೆಲೆಗೆ ಮೂರೂ ಅವಳ ಮಡಿಲಿಗೆ ಬಿದ್ದವು. ಇಬ್ಬರೂ ಒಂದೇ ಪಾತ್ರೆಯ ಚಹಾ ಕುಡಿದರು. ಶೆಟ್ಟರು ಸೋತ ಮುಖ ಮಾಡಿದರು, ಒಳಗೊಳಗೇ ಬುಟ್ಟಿ ಖಾಲಿಯಾಯಿತಲ್ಲ ಎಂದು ಖುಷಿಪಟ್ಟರು.

ಕಾವಳಗಿರಿಯಲ್ಲಿ ಚಹಾ ಮಾಡುವುದೆಂದರೆ ಸೊಪ್ಪಿನ ಮೇಲೆ ಸೇಡು ತೀರಿಸಿಕೊಂಡ ಹಾಗೆ. ನೀರು, ಹಾಲು, ಬೆಲ್ಲ, ಸೊಪ್ಪು ಎಲ್ಲ ಒಟ್ಟಿಗೆ ಹಾಕಿ ಮೂರು ಸಲ ಉಕ್ಕಿಸಿ ಉಕ್ಕಿಸಿ ಕುದಿಸುತ್ತಿದ್ದರು. ಚೆನ್ನಾಜಿಯೂ ಕಿಟಕಿ ಕೆಳಗಿನ ಸೊಪ್ಪನ್ನು ಹಾಗೇ ಕುದಿಸಿದಳು. ಏನೂ ವಿಶೇಷವಿರಲಿಲ್ಲ. ಹೊಗೆಗೂಡಿನ ಮೇಲೆ ಕೂತಿದ್ದ ಕಾಗೆ ಮಾತ್ರ, ಮಳೆ ಬಂತೇ ಎಂದು ತಲೆ ಎತ್ತಿ ಆಕಾಶ ನೋಡಿತು.

ಮರುದಿನ ನೀರು ಕುದಿಯುತ್ತಿದ್ದಂತೆ ಅವಳು ಸೊಪ್ಪು ಹಾಕಿದಳು. ಹಾಲು ಸುರಿಯುವಷ್ಟರಲ್ಲಿ ಕೂಸು ಕಿರುಚಿತು. ಉಕ್ಕಿ ಒಲೆ ಆರೀತೆಂದು ಪಾತ್ರೆ ಕೆಳಗಿಳಿಸಿ, ಮೇಲೆ ತಟ್ಟೆ ಮುಚ್ಚಿ ಓಡಿದಳು. ಚಿಗರಿಯನ್ನು ಹೆಗಲಿಗೆ ಹಾಕಿಕೊಂಡು ಅಂಗಳದ ತುಂಬ ಸುತ್ತಿದಳು. ಕೂಸು ಅವಳ ಮುಖ ಕಂಡಷ್ಟೂ ಬೆನ್ನು ಬಿಲ್ಲಾಗಿಸಿ ಅರಚಿತು. ಸೋತು ಒಳಗೆ ಬಂದು, ಆರಿಹೋದ ಚಹಾವನ್ನಾದರೂ ಕುಡಿಯೋಣ ಎಂದು ತಟ್ಟೆ ಎತ್ತಿದಳು.

ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ.

ಅದು ಪಾತ್ರೆಯಿಂದ ಎದ್ದು, ಅಡುಗೆಮನೆ ತುಂಬಿ, ನಡುಮನೆಗೆ ಹೋಯಿತು. ಹಿತ್ತಿಲಲ್ಲಿ ಅತ್ತೆ "ಅಯ್ಯೋ ಹಪ್ಪಳ" ಎನ್ನುತ್ತ ಓಡುವ ಸದ್ದು ಕೇಳಿಸಿತು. ಹೆಗಲ ಮೇಲೆ ಚಿಗರಿ ಅಳು ನಿಲ್ಲಿಸಿ, ಪುಟ್ಟ ಮೂಗು ಅರಳಿಸಿ, ಗಾಳಿಯನ್ನು ಕುಡಿಯಿತು. ಆಮೇಲೆ ವಾಸನೆ ಕರಗಿಹೋಯಿತು, ಕೂಸು ಮತ್ತೆ ಅತ್ತಿತು. ಆದರೆ ಚೆನ್ನಾಜಿಗೆ ತಿಳಿಯಬೇಕಾದದ್ದು ತಿಳಿದಿತ್ತು. ಮೂಗು ಯಾರದ್ದೂ ಕೆಟ್ಟಿಲ್ಲ. ಗಾಳಿಯಲ್ಲಿದ್ದದ್ದನ್ನು ಮಾಂತ್ರಿಕ ಹೀರಿಕೊಂಡು ಹೋದ; ಸೊಪ್ಪಿನೊಳಗೆ ಅವಿತದ್ದು ಅವನ ಕೈಗೆ ಸಿಕ್ಕಿಲ್ಲ. ಕುದಿಸಿದರೆ ಅದು ಹೊಗೆಗೂಡಿನಲ್ಲಿ ಓಡಿಹೋಗುತ್ತದೆ. ಮುಚ್ಚಿಟ್ಟು ಕಾದರೆ ಬರುತ್ತದೆ.

"ಅತ್ತೆ, ನಾನು ಧೂಮಕೇಶನ ಹತ್ರ ಹೋಗ್ತೀನಿ. ನನ್ನ ವಾಸನೆ ಅವನ ಹತ್ರ ಇದೆ. ತರ್ತೀನಿ."

"ಮಾಂತ್ರಿಕನ ಹತ್ರ ಏನಂತ ಕೇಳ್ತೀಯೇ?"

"ಶೆಟ್ಟರ ಹತ್ರ ಕೇಳೋ ಹಾಗೇ."

"ಮಗೂನ?"

"ಕರ್ಕೊಂಡೇ ಹೋಗೋದು. ನನ್ನ ವಾಸನೆ ಯಾವುದು ಅಂತ ನನಗೇನು ಗೊತ್ತು? ಅದು ಗೊತ್ತಿರೋದು ಇವಳಿಗೆ."

"ದಾರಿಯುದ್ದಕ್ಕೂ ಅಳುತ್ತೆ."

"ಮನೇಲೂ ಅಳ್ತಾಳಲ್ಲ."

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಹಿತ್ತಾಳೆಯ ತಪ್ಪಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಿಗಿಯಾದ ಮುಚ್ಚಳ ಹುಡುಕಿ, ಮೂರು ಗಂಟನ್ನೂ ಮೇಕೆಹಾಲಿನ ಗಿಂಡಿಯನ್ನೂ ಜೊತೆಗೆ ಕಟ್ಟಿಕೊಟ್ಟರು. ಚೆನ್ನಾಜಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು. ಎದೆಗೆ ಕಟ್ಟಿಕೊಂಡರೆ ಮುಖ ಕಾಣುತ್ತದೆ, ಮುಖ ಕಂಡರೆ ಚಿಗರಿ ಬೆದರುತ್ತದೆ.

ಹೊಸ್ತಿಲ ಮೇಲೆ ಮಲಗಿದ್ದ ಮೋಡವನ್ನು ದಾಟಿ, ಅದರ ಅಣ್ಣತಮ್ಮಂದಿರು ಮಲಗಿದ್ದ ಬಯಲನ್ನೂ ದಾಟಿ ನಡೆದಳು. ನಡೆಯುವಾಗ ಕಾಲು ಕಾಣುತ್ತಿರಲಿಲ್ಲ, ದಾರಿ ಮಾತ್ರ ಮೆತ್ತಗೆ ಸಿಗುತ್ತಿತ್ತು. ನಡೆದು ನಡೆದು ಒಂದು ಕಣಿವೆಗೆ ಬಂದಳು. ಕಣಿವೆಗೆ ಅಡ್ಡಲಾಗಿ ಕಲ್ಲಿನ ಮೈಯ ಆನೆಯೊಂದು ನಿಂತಿತ್ತು. ಅದರ ಬೆನ್ನ ಮೇಲೆ ಹುಲ್ಲು ಬೆಳೆದಿತ್ತು.

"ದಾರಿ ಬಿಡು ಆನೆಯಣ್ಣ," ಎಂದಳು ಚೆನ್ನಾಜಿ.

"ದಾರಿ ಗೊತ್ತಿದ್ದರೆ ನಾನೇ ಹೋಗುತ್ತಿದ್ದೆ," ಎಂದಿತು ಆನೆ. "ನೀರಿನ ವಾಸನೆ ಹಿಡಿದು ನಡೆಯುವವನು ನಾನು. ಈಗ ನೀರು ಎಲ್ಲಿ, ಕಲ್ಲು ಎಲ್ಲಿ, ನನ್ನ ಹಿಂಡು ಎಲ್ಲಿ, ಒಂದೂ ತಿಳಿಯದು. ಬಾಯಾರಿ ಬಾಯಾರಿ ಮೈಯೇ ಕಲ್ಲಾಯಿತು. ಹತ್ತಿರ ಬಂದವರನ್ನೆಲ್ಲ ಸೊಂಡಿಲಿನಿಂದ ಎತ್ತಿ ಎಸೆಯುವುದೊಂದೇ ಉಳಿದಿರುವ ಕೆಲಸ."

"ಎಸೆಯೋದು ಇದ್ದೇ ಇದೆ. ಮೊದಲು ಚಹಾ ಕುಡಿ."

ಅವಳು ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ನೀರು ಕಾಯಿಸಿ, ಮಳೆಮಣ್ಣಿನ ಸೊಪ್ಪಿನಲ್ಲಿ ಉಳಿದಿದ್ದರ ಅರ್ಧ ಹಾಕಿ, ಮುಚ್ಚಿದಳು. ಬೆನ್ನ ಮೇಲೆ ಕೂಸು ಅಳುತ್ತಿತ್ತು. ಕೂಸು ಅಳುವಾಗ ಕೈಕಟ್ಟಿ ಕೂರುವುದು ಯಾವ ತಾಯಿಗೂ ಬರುವ ವಿದ್ಯೆಯಲ್ಲ. ಆತುರದಲ್ಲಿ ಮುಚ್ಚಳ ಎತ್ತಿಬಿಟ್ಟಳು. ಬಿಸಿನೀರಿನ ಹಬೆ ಬಂತು, ಇನ್ನೇನೂ ಬರಲಿಲ್ಲ. ಆನೆಯ ಸೊಂಡಿಲು ಅವಳ ಸೊಂಟ ಸುತ್ತಿ ಮೇಲೆತ್ತಿತು.

"ಇಳಿಸು," ಎಂದಳು ಚೆನ್ನಾಜಿ ಮರದೆತ್ತರದಿಂದ. "ತಪ್ಪು ನನ್ನದೇ. ಇನ್ನೊಂದು ಸಲ ಮಾಡ್ತೀನಿ. ಈ ಸಲ ನಾನು ಮುಚ್ಚಳ ಮುಟ್ಟಿದ್ರೆ ಎಸೆದುಬಿಡು."

ಆನೆ ಇಳಿಸಿತು. ಉಳಿದ ಸೊಪ್ಪು ಹಾಕಿ, ಮುಚ್ಚಿ, ತಪ್ಪಲೆಗೆ ಬೆನ್ನು ತಿರುಗಿಸಿ ಕೂತು ಅವಳು ಜೋಗುಳ ಹಾಡಿದಳು. ಹಾಡು ಕೂಸಿಗೂ ತಾಗಲಿಲ್ಲ, ಆನೆಗೂ ತಾಗಲಿಲ್ಲ; ಅವಳಿಗೇ ಸ್ವಲ್ಪ ನಿದ್ದೆ ಬಂದಂತಾಯಿತು. ಎಚ್ಚೆತ್ತು ಮುಚ್ಚಳ ತೆಗೆದಾಗ ಕಣಿವೆಯ ತುಂಬ ಮೊದಲ ಮಳೆಯ ವಾಸನೆ ಹರಿಯಿತು. ಆನೆ ಸೊಂಡಿಲು ಎತ್ತಿತು. ಅದರ ಮೈಯ ಕಲ್ಲು ಚಕ್ಕೆ ಚಕ್ಕೆಯಾಗಿ ಉದುರಿತು. ಕಿವಿ ಬೀಸಿದ ಗಾಳಿಗೆ ಬಯಲಲ್ಲಿ ಮಲಗಿದ್ದ ಮೋಡಗಳು ಎದ್ದು ನಿಂತು, ನಾಚಿಕೊಂಡು, ಮಳೆ ಸುರಿಸಿದವು.

"ಬರುತ್ತೇನೆ ತಂಗಿ," ಎಂದು ಆನೆ ಮಳೆಯ ಕಡೆ ಹೊರಟಿತು.

ಆಚೆಗೆ ಹಳದಿ ಹುಲ್ಲಿನ ಗುಡ್ಡ. ಅಲ್ಲಿ ಬಂಗಾರದ ಬಣ್ಣದ ಹುಲಿಯೊಂದು ತನ್ನ ಗುಹೆಯ ಮುಂದೆ ಸುತ್ತುತ್ತಿತ್ತು. ಸುತ್ತಿ ಸುತ್ತಿ ನೆಲದಲ್ಲಿ ಬಾವಿಯ ಹಾಗೆ ಗುಂಡಿ ಬಿದ್ದಿತ್ತು. ಗುಹೆಯ ಬಾಯಲ್ಲಿ ಎರಡು ಮರಿಗಳು ಹಸಿದು ಕುಂಯ್‌ಗುಟ್ಟುತ್ತಿದ್ದವು.

"ಇವು ಯಾರ ಮರಿಗಳು, ನೀನಾದರೂ ಹೇಳು," ಎಂದಿತು ಹುಲಿ. "ನನ್ನ ಜಾಗದಲ್ಲಿ ಬಂದು ಮಲಗಿವೆ. ತಿಂದುಬಿಡೋಣ ಅಂದರೆ, ನನ್ನವೇ ಆಗಿದ್ದರೆ? ಹಾಲು ಕೊಡೋಣ ಅಂದರೆ, ನನ್ನವು ಎಲ್ಲೋ ಹಸಿದಿದ್ದರೆ?"

ಚೆನ್ನಾಜಿ ತಪ್ಪಲೆ ಕೆಳಗಿಟ್ಟು ಒಲೆಗೆ ಕಲ್ಲು ಹುಡುಕತೊಡಗಿದಳು.

"ನಿನ್ನ ಬೆನ್ನ ಮೇಲಿರೋದು ಯಾಕೆ ಅಳುತ್ತಿದೆ?" ಎಂದು ಕೇಳಿತು ಹುಲಿ.

"ನಾನು ಯಾರು ಅಂತ ಅದಕ್ಕೆ ಗೊತ್ತಿಲ್ಲ ಅಕ್ಕ."

"ಅದು ಯಾರು ಅಂತ ನಿನಗೆ ಗೊತ್ತಲ್ಲ. ಪುಣ್ಯವಂತೆ."

ಚೆನ್ನಾಜಿ ಒಲೆ ಹಚ್ಚಿದಳು. ಬೆಕ್ಕು ಮರಿ ಹಾಕಿದ ಸೊಪ್ಪನ್ನು ಒಂದು ಎಸಳೂ ಬಿಡದೆ ಸುರಿದು, ಮುಚ್ಚಿದಳು. ತನ್ನ ಕೈಯನ್ನೇ ನಂಬದೆ ಮುಚ್ಚಳದ ಮೇಲೆ ಒಂದು ಕಲ್ಲು ಹೇರಿದಳು. ಹುಲಿಯ ಬಾಲ ಹುಲ್ಲಿಗೆ ಚಟೀರೆಂದು ಬಡಿಯುತ್ತಿತ್ತು. ಚೆನ್ನಾಜಿ ಕಣ್ಣುಮುಚ್ಚಿ ಕಾದಳು, ಕಾದಳು. ಕಲ್ಲು ಸರಿಸಿದಾಗ ಬಂದದ್ದು ಬೆಚ್ಚಗಿನ ರೋಮ, ಹೊಸ ಹಾಲು, ಒದ್ದೆ ಗೋಣಿಯ ವಾಸನೆ. ಹೆತ್ತ ಜಾಗದ ವಾಸನೆ. ಹಬೆ ಮರಿಗಳ ಮೇಲೆ ಇಳಿಯಿತು. ಹುಲಿ ಮೂಗು ಚಾಚಿ ಒಂದನ್ನು ನೆಕ್ಕಿತು, ಇನ್ನೊಂದನ್ನು ನೆಕ್ಕಿತು. ಒಮ್ಮೆ ನೆಕ್ಕಿದ ಮೇಲೆ ಮರೆಯುವ ಹಾಗಿರಲಿಲ್ಲ. ಗುಂಡಿಯಲ್ಲೇ ಮಗ್ಗುಲಾಗಿ ಮಲಗಿ ಎರಡನ್ನೂ ಹೊಟ್ಟೆಗೆ ಎಳೆದುಕೊಂಡಿತು. ಚೆನ್ನಾಜಿ ಅಲ್ಲಿಂದ ಬೇಗ ಬೇಗ ನಡೆದಳು. ಅವಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು.

ಗುಡ್ಡ ಇಳಿದರೆ ಕಪ್ಪು ಕೆರೆ, ಕೆರೆಯ ನಡುವೆ ಧೂಮಕೇಶನ ಗೋಪುರ. ದಡದಲ್ಲಿ ಒಂದು ಮೊಸಳೆ ಬಂಡೆ ತಿನ್ನುತ್ತಿತ್ತು.

"ಅದು ಬಂಡೆ ಕಣೋ ಮಾವ," ಎಂದಳು ಚೆನ್ನಾಜಿ.

"ಎಲ್ಲಾ ಒಂದೇ," ಎಂದಿತು ಮೊಸಳೆ. "ಮೀನೂ ಮಣ್ಣು, ದೋಣೀನೂ ಮಣ್ಣು, ದೋಣಿಯೊಳಗೆ ಇದ್ದವರೂ ಮಣ್ಣು. ರುಚಿ ಹತ್ತೋದಿಲ್ಲ ಅಂತ ತಿನ್ನೋದೇ ನಿಲ್ಲಿಸಲಿಲ್ಲ ನಾನು. ಬಾ, ನೀನೂ ಒಂದಿಷ್ಟು ಮಣ್ಣು."

"ಊಟಕ್ಕೆ ಮೊದಲು ಚಹಾ."

ಒಣಮೀನಿನ ಪಕ್ಕದ ಸೊಪ್ಪು ತಪ್ಪಲೆಗೆ ಬಿತ್ತು. ಈಗ ಕಾಯುವುದು ಅವಳಿಗೆ ಕಷ್ಟವಾಗಲಿಲ್ಲ. ಕೆರೆಯ ಮೇಲೆ ಎಳೆಬಿಸಿಲು ಎಣ್ಣೆಯ ಹಾಗೆ ಹರಡಿತ್ತು, ಅತ್ತು ದಣಿದ ಚಿಗರಿ ಬಿಕ್ಕುತ್ತಲೇ ತೂಕಡಿಸುತ್ತಿತ್ತು. ಮುಚ್ಚಳ ತೆಗೆದಾಗ ಎದ್ದ ವಾಸನೆಗೆ ಚೆನ್ನಾಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೊಸಳೆ ತಪ್ಪಲೆಯ ಸುತ್ತ ಬಾಯಿ ಇಟ್ಟು ಹಬೆಯನ್ನೆಲ್ಲ ನುಂಗಿತು. ಅದರ ಎರಡು ಕಣ್ಣಿಂದಲೂ ನೀರು ಇಳಿಯಿತು. ಆ ಒಂದು ಸಲ ಮಾತ್ರ ಮೊಸಳೆಯ ಕಣ್ಣೀರು ನಿಜವಾದದ್ದಾಗಿತ್ತು.

"ಬೆನ್ನೇರು," ಎಂದಿತು ಅದು. ಕೆರೆ ದಾಟಿಸುವಾಗ ಮೆಲ್ಲಗೆ ಹೇಳಿತು: "ಅವನಿಗೆ ಸ್ವಂತದ ವಾಸನೆ ಇಲ್ಲ ಮಗಳೇ. ಕದ್ದದ್ದನ್ನು ಬೆಳಿಗ್ಗೆ ಅಂಗಿಯ ಹಾಗೆ ತೊಡುತ್ತಾನೆ, ಸಂಜೆ ಕಳಚುತ್ತಾನೆ. ಅವನ ಮಂತ್ರವೆಲ್ಲ ನಿಂತಿರೋದು ಅದರ ಮೇಲೆ. ಏನಾದರೊಂದು ವಾಸನೆ ಅವನಿಗೆ ಬಿಡದ ಹಾಗೆ ಅಂಟಿದರೆ ಆ ತಿದಿ ಬರೀ ಚರ್ಮ. ಆದರೆ ಅವನಿಗೆ ಅಂಟುವಂಥದ್ದು ಇಲ್ಲಿತನಕ ಯಾವುದೂ ಹುಟ್ಟಿಲ್ಲ."

ಗೋಪುರದ ಒಳಗೆ ನೆಲದಿಂದ ಸೂರಿನತನಕ ಗೂಡುಗಳು, ಗೂಡು ತುಂಬ ಕುಡಿಕೆಗಳು. ಪ್ರತಿಯೊಂದರ ಬಾಯಿಗೂ ಜೇನುಮೇಣದ ಮುದ್ರೆ. ನಡುವೆ ಧೂಮಕೇಶ ಕೂತಿದ್ದ. ಅವತ್ತು ಅವನು ಕಾದ ತುಪ್ಪದ ವಾಸನೆ ತೊಟ್ಟಿದ್ದ. ದೋಸೆಯೊಂದು ಕಾಲುಮಡಿಸಿ ಕೂತ ಹಾಗಿತ್ತು.

"ಏನು ಬೇಕು?" ಎಂದ.

"ಒಂದು ವಾಸನೆ. ಹಳೇದು, ಬಳಸಿದ್ದು, ನಿಮಗೇನೂ ಪ್ರಯೋಜನಕ್ಕೆ ಬಾರದ್ದು. ನನ್ನದು."

"ಅದು ಯಾವ ಕುಡಿಕೆಯಲ್ಲಿದೆ?"

"ಮೇಣ ಹಾಕಿದ್ದೀರಲ್ಲ, ಹೇಗೆ ಹೇಳಲಿ?"

ಧೂಮಕೇಶ ನಕ್ಕ. "ಒಂದೇ ಕುಡಿಕೆ, ಒಂದೇ ಸಲ. ಸರಿಯಾದದ್ದು ಆರಿಸಿದರೆ ತೆಗೆದುಕೊಂಡು ಹೋಗು. ತಪ್ಪಿದರೆ ನಿನ್ನ ಮಾತು ನನ್ನದು. ಕೂಸಿನ ಅಳುವೂ ನನ್ನದು. ಇಬ್ಬರೂ ಮೂಕರಾಗಿ ಮನೆಗೆ ಹೋಗಿ."

ಚೆನ್ನಾಜಿ ಕೂಸನ್ನು ಕಟ್ಟಿದ್ದ ಗಂಟನ್ನು ಬಿಗಿಮಾಡಿಕೊಂಡಳು. ಆದರೆ ಬಾಯಿ ತನ್ನ ಕೆಲಸ ಬಿಡಲಿಲ್ಲ. "ನನ್ನ ಮಾತಿಗೆ ಒಂದು ಕುಡಿಕೆಯಾ? ನಮ್ಮತ್ತೇನ ಕೇಳಿ, ಅದರ ತೂಕ ಹೇಳ್ತಾರೆ. ಒಂದು ಗೂಡು ಕೊಡಿ."

"ಒಂದೇ ಕುಡಿಕೆ."

"ಅರ್ಧ ಗೂಡು. ಕೆಳಗಿನ ಸಾಲಿಂದು, ಧೂಳು ಹಿಡಿದಿದ್ದಾದ್ರೂ ಪರವಾಗಿಲ್ಲ."

ಗೋಪುರಕ್ಕೆ ಇಷ್ಟು ವರ್ಷದಲ್ಲಿ ಯಾರೂ ಚೌಕಾಸಿಗೆ ಬಂದಿರಲಿಲ್ಲ. ಧೂಮಕೇಶನಿಗೆ ಗೊತ್ತಿಲ್ಲದೇ ರುಚಿ ಹತ್ತಿತು. ಅವನು ಇಲ್ಲ ಎಂದ, ಅವಳು ಬಾಗಿಲತನಕ ಹೋಗಿ ಬಂದಳು. ಅವನು ಆಗದು ಎಂದ, ಅವಳು ಕುಡಿಕೆಗಳ ಮಣ್ಣೇ ಕಳಪೆ ಎಂದಳು. ಕಿಟಕಿಯ ಬೆಳಕು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಯಿತು. ಕೊನೆಗೆ ಅವಳು ಸೋತವಳಂತೆ ತಲೆಯಾಡಿಸಿದಳು.

"ಆಗಲಿ, ಒಂದೇ ಕುಡಿಕೆ. ಚಹಾ ಕುಡಿದು ಗಟ್ಟಿ ಮಾಡೋಣ. ಒಲೆ ಇಲ್ಲೇ ಹೂಡ್ತೀನಿ, ಹೊರಗೆ ಗಾಳಿ."

"ನಿನ್ನ ಸೊಪ್ಪು ನನಗೆ ಬೇಡ," ಎಂದ ಧೂಮಕೇಶ ಜಾಣನಂತೆ, ಮತ್ತು ತನ್ನ ಚಿನ್ನದ ಡಬ್ಬಿ ಮುಂದಿಟ್ಟ.

ಅವಳಿಗೆ ಬೇಕಾಗಿದ್ದದ್ದೂ ಅದೇ. ಗೂಡುಗಳ ನಡುವೆ ಒಲೆ ಹೂಡಿ ಬೆಂಕಿ ದೊಡ್ಡದು ಮಾಡಿದಳು. ಡಬ್ಬಿಯ ಸೊಪ್ಪನ್ನು ಮೂಲೆಯಲ್ಲಿದ್ದ ಮೊರದ ತುಂಬ ತೆಳ್ಳಗೆ ಹರಡಿ ಕಲ್ಲು ಕಡ್ಡಿ ಆರಿಸತೊಡಗಿದಳು.

"ಅರಮನೆಯ ಮಾಲು ಅದು. ಅದರಲ್ಲಿ ಕಲ್ಲಿರುವುದಿಲ್ಲ," ಎಂದ ಧೂಮಕೇಶ.

"ಎಲ್ಲಾ ಅಂಗಡಿಯವರೂ ಹಾಗೇ ಹೇಳೋದು."

ಬೆಂಕಿ ಕಾವೇರಿತು. ಕುಡಿಕೆಗಳ ಮೇಣ ಬೆವರಿತು, ಮೆತ್ತಗಾಯಿತು, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಒಂದೊಂದೇ ವಾಸನೆ ಮೆಲ್ಲಗೆ ಹೊರಗೆ ಬಂತು. ಗಾಳಿಯಲ್ಲಿ ಹರಡಿದ್ದರೆ ಅವನ ಮೂಗಿಗೆ ಸಿಗುತ್ತಿತ್ತು. ಆದರೆ ವರ್ಷಗಟ್ಟಲೆ ಡಬ್ಬಿಯಲ್ಲಿ ಏನನ್ನೂ ಮೂಸದೆ ಹಸಿದಿದ್ದ ಆ ಶುದ್ಧ ಸೊಪ್ಪು, ಬಂದದ್ದನ್ನೆಲ್ಲ ಸದ್ದಿಲ್ಲದೆ ಹೀರಿಕೊಂಡಿತು. ಧೂಮಕೇಶ ನೋಡುತ್ತಲೇ ಕೂತಿದ್ದ, ಅವನಿಗೆ ತಿಳಿಯಲಿಲ್ಲ. ಜನ್ಮದಲ್ಲಿ ಒಂದು ಸಲವೂ ಅಗ್ಗದ ಸೊಪ್ಪು ಕೊಳ್ಳದವನಿಗೆ, ಅದು ಯಾಕೆ ಅಗ್ಗವಾಗುತ್ತದೆ ಎಂದು ಹೇಗೆ ಗೊತ್ತಾಗಬೇಕು?

ಅವಳು ಮೊರದ ಸೊಪ್ಪನ್ನೆಲ್ಲ ಬಿಸಿನೀರಿಗೆ ಸುರಿದು ಮುಚ್ಚಿದಳು.

"ಕುದಿಸು," ಎಂದ ಅವನು.

"ಕಾಯಿರಿ."

"ಎಷ್ಟು ಹೊತ್ತು?"

"ಮಗು ಸಾಕಿದ್ದೀರಾ? ಇಲ್ಲವಲ್ಲ. ಹಾಗಾದ್ರೆ ಈಗ ಕಲೀರಿ. ಕಾಯಿರಿ."

ಆಮೇಲೆ ಅವಳು ಮುಚ್ಚಳ ತೆಗೆದಳು.

ಮೊದಲು ಬೆಳ್ಳುಳ್ಳಿ ಎದ್ದಿತು. ಅದರ ಹಿಂದೆ ಸೀಗೆಪುಡಿ, ಸುಟ್ಟ ಹಪ್ಪಳ, ಹಸುವಿನ ಕೊಟ್ಟಿಗೆ, ಹೊಸ ಬಟ್ಟೆ, ಅಜ್ಜಿಯರ ಟ್ರಂಕು, ಕೊಯ್ದ ಹುಲ್ಲು, ಮಾವಿನ ಮಿಡಿ. ಊರಿಗೆ ಊರೇ ನಿದ್ದೆಯಿಂದ ಎದ್ದು ಹೊರಟ ಹಾಗೆ ಹಬೆ ಗೋಪುರ ತುಂಬಿ ಕಿಟಕಿಗಳಿಂದ ಹೊರಬಿತ್ತು. ಧೂಮಕೇಶ ತಿದಿ ಎತ್ತಿಕೊಂಡು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಿದ. ಮಲ್ಲಿಗೆ ಹಿಡಿದರೆ ಮಣ್ಣು ತಪ್ಪಿಸಿಕೊಂಡಿತು, ಮಣ್ಣು ಹಿಡಿದರೆ ಮಲ್ಲಿಗೆ. ಅವನು ತೊಟ್ಟಿದ್ದ ತುಪ್ಪವೂ ಕಳಚಿಕೊಂಡು ಹೊರಟಿತು.

ಎಲ್ಲಕ್ಕೂ ಕೊನೆಯಲ್ಲಿ ತಪ್ಪಲೆಯಿಂದ ಒಂದು ಎಳೆ ಹಬೆ ಎದ್ದು, ಕಿಟಕಿಯ ಕಡೆ ಹೋಗದೆ, ಚೆನ್ನಾಜಿಯ ಕುತ್ತಿಗೆಗೆ ಬಂದು ಕೂತಿತು. ಅವಳಿಗೆ ಏನೂ ತಿಳಿಯಲಿಲ್ಲ. ತನ್ನ ವಾಸನೆ ತನಗೆ ಯಾವತ್ತೂ ತಿಳಿಯುವುದಿಲ್ಲ. ಆದರೆ ಬೆನ್ನ ಮೇಲಿದ್ದ ಚಿಗರಿ ತಟ್ಟನೆ ಸುಮ್ಮನಾಯಿತು. ಒಂದು ಪುಟ್ಟ ಕೈ ಬಂದು ಅವಳ ಕಿವಿಯನ್ನು ಹಿಡಿದೆಳೆಯಿತು. ಅವಳು ಗಂಟು ಬಿಚ್ಚಿ ಕೂಸನ್ನು ಮುಂದಕ್ಕೆ ತೆಗೆದುಕೊಂಡಳು. ಚಿಗರಿ ಮುಖ ನೋಡಲಿಲ್ಲ. ಕಣ್ಣುಮುಚ್ಚಿಕೊಂಡೇ ಮೂಗಿನಿಂದ ಎದೆ ಹುಡುಕಿ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದು ಬೈಯುವಂತೆ ಮುಷ್ಟಿಯಿಂದ ಗುದ್ದುತ್ತ, ಗಟಗಟ ಕುಡಿಯಿತು.

ಧೂಮಕೇಶ ಒಂದೂ ಸಿಗದೆ ತಿರುಗಿ ನೋಡಿದ. ಗೋಪುರದಲ್ಲಿ ಉಳಿದಿದ್ದದ್ದು ಒಂದೇ ವಾಸನೆ, ಅದು ಅವಳದ್ದು. ತಿದಿಯ ಬಾಯಿ ಅವಳ ಕಡೆ ತಿರುಗಿಸಿ ಹತ್ತಿರ ಬಂದ. ಎದ್ದು ಓಡಲು ಜಾಗವಿರಲಿಲ್ಲ. ಹೊಟ್ಟೆ ತುಂಬಿದ ಚಿಗರಿಯನ್ನು ಚೆನ್ನಾಜಿ ಆಗತಾನೇ ಹೆಗಲಿಗೆ ಹಾಕಿ ಬೆನ್ನು ತಟ್ಟುತ್ತಿದ್ದಳು.

"ಯಜಮಾನರೇ, ಸೀರೆ ಸರಿಮಾಡ್ಕೋತೀನಿ, ಒಂದು ಗಳಿಗೆ ಇವಳನ್ನ ಹಿಡ್ಕೊಳ್ಳಿ," ಎಂದು ಕೂಸನ್ನು ಅವನ ಹೆಗಲಿಗೇ ಹಾಕಿಬಿಟ್ಟಳು.

ಕೂಸನ್ನು ಕೈಗೆ ಕೊಟ್ಟರೆ ಮಾಂತ್ರಿಕನಾದರೂ ಹಿಡಿದುಕೊಳ್ಳಲೇಬೇಕು, ಬೀಳಿಸಲಾಗುವುದಿಲ್ಲ. ತಿದಿ ಕೆಳಗೆ ಬಿತ್ತು. ಚಿಗರಿ ಒಂದು ಸಲ ತೇಗಿತು. ಆಮೇಲೆ ಬೆಚ್ಚಗೆ, ಧಾರಾಳವಾಗಿ, ಅವನ ಕುತ್ತಿಗೆಯಿಂದ ಬೆನ್ನಿನತನಕ ಹಾಲು ಕಕ್ಕಿತು.

ಆ ವಾಸನೆ ಒಗೆದರೆ ಹೋಗುವುದಿಲ್ಲ, ಬಿಸಿಲಿಗೆ ಹಾಕಿದರೆ ಹೋಗುವುದಿಲ್ಲ. ಮಕ್ಕಳನ್ನು ಎತ್ತಿದವರಿಗೆಲ್ಲ ಗೊತ್ತು. ಧೂಮಕೇಶ ಮೂಗು ಸೊಟ್ಟ ಮಾಡಿ ಒರೆಸಿಕೊಂಡ, ಉಜ್ಜಿಕೊಂಡ, ಮಂತ್ರ ಹೇಳಿದ. ವಾಸನೆ ಅಂಟಿಯೇ ಇತ್ತು. ನೆಲದ ಮೇಲಿನ ತಿದಿ ಒಮ್ಮೆ ಉಸ್ಸೆಂದು ಸುಕ್ಕುಗಟ್ಟಿ ಹಳೇ ಚಪ್ಪಲಿಯಂತಾಯಿತು. ಅವನ ತಲೆಯ ಹೊಗೆ ಇಳಿದು, ಎಣ್ಣೆ ಕಾಣದ ಬಿಳಿ ಕೂದಲಾಗಿ ಕಿವಿಯ ಮೇಲೆ ಬಿತ್ತು. ಅಲ್ಲಿ ಈಗ ನಿಂತಿದ್ದವನು ಹೆಗಲ ಮೇಲೆ ಕೂಸು ಹೊತ್ತ ಒಬ್ಬ ಮುದುಕ, ಅಷ್ಟೇ.

ಚೆನ್ನಾಜಿ ಕೂಸನ್ನು ತೆಗೆದುಕೊಂಡಳು. ತಪ್ಪಲೆಯ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿದಳು.

"ಕುಡೀರಿ. ಎಲ್ಲ ವಾಸನೆ ಅವರವರಿಗೆ, ಇದೊಂದು ನಿಮಗೆ. ವ್ಯವಹಾರ ಗಟ್ಟಿಯಾಗಲಿ."

ಮುದುಕ ಎರಡೂ ಕೈಯಿಂದ ಲೋಟ ಹಿಡಿದು ಮೂಸಿದ. ಆಮೇಲೆ ಕುಡಿದ. "ಬೆಲ್ಲ ಕಡಿಮೆ," ಎಂದ.

"ಬಿಟ್ಟಿ ಚಹಾಕ್ಕೆ ಅದು ಬೇರೆ," ಎಂದಳು ಚೆನ್ನಾಜಿ.

ಅವಳು ಊರಿಗೆ ಮರಳುವ ದಾರಿಯುದ್ದಕ್ಕೂ ಹುಲ್ಲು ಹುಲ್ಲಿನ ಹಾಗೆ, ನೀರು ನೀರಿನ ಹಾಗೆ ಕಮ್ಮಗೆ ವಾಸನೆ ಬೀರುತ್ತಿತ್ತು. ಊರಲ್ಲಿ ಜನ ಒಬ್ಬರ ತಲೆ ಒಬ್ಬರು ಮೂಸುತ್ತ ಬೀದಿಯಲ್ಲೇ ನಿಂತಿದ್ದರು. ಅರಮನೆಯಲ್ಲಿ ರಾಜ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ, ಆದರೆ ಬಾಯಿ ತೆರೆಯಲಿಲ್ಲ. ಮುದುಕ ಧೂಮಕೇಶ ಕೆರೆಯ ದಡಕ್ಕೆ ಬಂದು ಗುಡಿಸಲು ಕಟ್ಟಿಕೊಂಡ. ದಾರಿಯಲ್ಲಿ ಹೋಗುವ ತಾಯಂದಿರು ಕೈ ಬಿಡುವಾಗಬೇಕೆಂದರೆ ಅವನಿಗೇ ಕೂಸು ಕೊಟ್ಟು ಹೋಗುತ್ತಿದ್ದರು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. ಒಳಗೆ ಒಗೆಯುವ ಬಟ್ಟೆ ರಾಶಿಯಿತ್ತು, ಬೀಸುವ ರಾಗಿಯಿತ್ತು. ಚಿಗರಿ ತಾಯಿಯ ಕುತ್ತಿಗೆಯ ಸಂದಿಗೆ ಮೂಗು ತೂರಿಸಿ ನಿದ್ದೆಹೋಗಿತ್ತು.

"ಇಲ್ಲಿ ಕೊಡು, ಮಲಗಿಸ್ತೀನಿ," ಎಂದರು ಅತ್ತೆ.

"ಇರಲಿ ಬಿಡಿ," ಎಂದಳು ಚೆನ್ನಾಜಿ, ಮತ್ತು ಅಲ್ಲೇ ಜಗಲಿಯ ಮೇಲೆ ಕೂತಳು.

ಅಂದಿನಿಂದ ಕಾವಳಗಿರಿಯಲ್ಲಿ ಆನೆಯಿಂದ ಹಿಡಿದು ಅರಸನ ತನಕ ಎಲ್ಲರೂ ನೆಮ್ಮದಿಯಾಗಿದ್ದರು. ಆ ಸಂಜೆ ಚೆನ್ನಾಜಿಯ ಎಡಗೈ ಜೋಮು ಹಿಡಿದದ್ದೊಂದನ್ನು ಬಿಟ್ಟರೆ, ಮತ್ತೆ ಯಾರಿಗೂ ಏನೂ ತೊಂದರೆಯಾಗಲಿಲ್ಲ.